ಸೌದೆ ಕೋಣೆಯ ಗಂಡಹೆಂಡಿರು

ನವೆಂಬರಿನ ಸಂತ ಮಾರ್ತಿನನ ಹಬ್ಬ ಕಳೆದು ಹೊಸ ದ್ರಾಕ್ಷಾರಸದ ಪೀಪಾಯಿಗಳ ಬಿರಡೆ ಬಿಚ್ಚಿದ ವಾರವೇ ನೂತಾ ತನ್ನ ಗಂಡನನ್ನು ಕೈಗಾಡಿಯಲ್ಲಿ ಹಾಕಿಕೊಂಡು ಸಂತ ಮಮಿಲಿಯಾನೋ ಧರ್ಮಾಸ್ಪತ್ರೆಯ ಬಾಗಿಲಿಗೆ ಬಂದಳು. ಗಾಡಿಯ ಒಂದು ಚಕ್ರ ದಾರಿಯಲ್ಲೇ ಸೊಟ್ಟಗಾಗಿತ್ತು. ಅವಳ ಎಡಗಾಲು ಮೊಣಕಾಲಿನವರೆಗೂ ಊದಿ ಕೆಂಪೇರಿತ್ತು. ಗಾಡಿಯಲ್ಲಿದ್ದ ಮುದುಕ ಬಿಂದೋ ಕಂಬಳಿಯೊಳಗೆ ಕೆಮ್ಮುತ್ತ, ಕೆಮ್ಮು ನಿಂತಾಗಲೆಲ್ಲ "ಬಂತಾ? ಬಂತಾ?" ಎಂದು ಊರಿಗೇ ಕೇಳುವಂತೆ ಕೂಗುತ್ತಿದ್ದ.

"ಯಾರಮ್ಮಾ ಅದು, ಸತ್ತೋರನ್ನ ಎಬ್ಬಿಸೋ ಹಂಗೆ ಕೂಗ್ತಿರೋದು?" ಎಂದು ಬಾಗಿಲು ಕಾಯುವ ಮೇವೊ ತಲೆ ಹೊರಗೆ ಹಾಕಿದ. "ಒಳಗೆ ಕಾಯಿಲೆಯವರು ಮಲಗಿದಾರೆ."

"ಕಿವುಡ ಕಣಪ್ಪ. ಹರೇದಿಂದ ಬಟ್ಟೆ ಕುಟ್ಟೋ ಗಿರಣೀಲಿ ದುಡಿದಿದಾನೆ. ಆ ನೀರಿನ ಗಾಲಿ, ಆ ಕೊಡತಿಗಳು, ಎಲ್ಲಾ ಸೇರಿ ಇವನ ಕಿವೀನ ತಿಂದುಬಿಟ್ವು. ಈಗ ತಾನು ಪಿಸುಗುಡ್ತಿದೀನಿ ಅಂದ್ಕೊಂಡಿದಾನೆ."

"ಮತ್ತೆ ನಿನ್ನ ಮಾತು ಹೆಂಗೆ ಕೇಳಿಸ್ಕೋತಾನೆ?"

ನೂತಾ ಬಾಗಿ, ಗಂಡನ ಬಲಗಿವಿಯ ಹಿಂದಿನ ಮೂಳೆಗೆ ತುಟಿ ಒತ್ತಿ, "ಬಂತು ಕಣೋ, ಬಾಯ್ಮುಚ್ಚು" ಎಂದಳು. ಮುದುಕ ತಕ್ಷಣ ಸುಮ್ಮನಾದ.

ಇದನ್ನೆಲ್ಲ ಬಿಲಿಯಾ ಒಳಗಿನಿಂದಲೇ ನೋಡಿದ್ದಳು. ಹೆಂಗಸರ ಕಡೆಯ ರೋಗಿಗಳ ಸೇವೆಗೆ ನಿಂತ ಸೋದರಿಯರಲ್ಲಿ ಹಿರಿಯಳು ಅವಳು. ಬಂದವರ ಕಾಲು ತೊಳೆಯುವುದು ಆ ಮನೆಯ ಮೊದಲ ಮರ್ಯಾದೆ. ಅವಳು ಬಿಸಿನೀರಿನ ಬೋಗುಣಿ ತಂದು ನೂತಾಳ ಮುಂದೆ ಮಂಡಿಯೂರಿದಳು.

"ಬೇಡಕ್ಕಾ, ನಾಚಿಕೆ ಆಗುತ್ತೆ. ಕಾಲು ನಾರ್ತಿದೆ."

"ಗುಲಾಬಿ ಘಮಘಮಿಸೋ ಕಾಲು ಹೊತ್ಕೊಂಡು ಇಲ್ಲಿಗೆ ಯಾರಮ್ಮ ಬರ್ತಾರೆ? ನೀಡು ಇತ್ತ."

ಕಾಲು ತೊಳೆದ ಮೇಲೆ ಪಾಪನಿವೇದನೆ. ಆತ್ಮ ಹಗುರಾಗದೆ ಮೈ ವಾಸಿಯಾಗದು ಎಂಬುದು ಆ ಮನೆಯ ನಂಬಿಕೆ. ಆಸ್ಪತ್ರೆಯ ಮುಖ್ಯಸ್ಥರಾದ ಗುರು ರನಿಯೇರಿ ಶಾಲು ಹೊದ್ದು ಬಂದು ಬಿಂದೋವಿನ ಪಕ್ಕ ಕೂತರು. ಬಡಕಲು ಮೈಯ, ಯಾವಾಗಲೂ ಹೊಟ್ಟೆನೋವಿನಿಂದ ನರಳುವವರಂತೆ ಕಾಣುವ ಮನುಷ್ಯ. ಅವರು ಕೇಳಿದ್ದೊಂದೂ ಮುದುಕನಿಗೆ ಕೇಳಲಿಲ್ಲ.

"ಸ್ವಾಮಿ, ಇವನ ಪಾಪ ಇವನಿಗಿಂತ ನಂಗೇ ಚೆನ್ನಾಗಿ ಗೊತ್ತು. ಹೇಳ್ಲಾ?" ಎಂದಳು ನೂತಾ.

"ಬೇಡ!" ಎಂದು ಗುರುಗಳು ಬೆಚ್ಚಿ ಕೈ ಎತ್ತಿದರು.

ಕೊನೆಗೆ ಆಗಿದ್ದು ಇಷ್ಟು: ನೂತಾ ಗುರುಗಳ ಪ್ರಶ್ನೆಯನ್ನು ಗಂಡನ ಮೂಳೆಗೆ ದಾಟಿಸಿ, ತನ್ನ ಕಿವಿಗಳನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಬಿಂದೋ ಮಾತ್ರ ತಾನು ಪಿಸುಗುಡುತ್ತಿದ್ದೇನೆಂದೇ ನಂಬಿ, ಗಿರಣಿಯ ಯಜಮಾನನ ಉಣ್ಣೆ ಬಟ್ಟೆಯ ತುಂಡು ಕದ್ದದ್ದನ್ನೂ, ಉಪವಾಸದ ಶುಕ್ರವಾರ ಕೊಬ್ಬು ತಿಂದದ್ದನ್ನೂ, ಹೆಂಡತಿಯ ತಂಗಿಯ ಮೇಲೆ ಒಮ್ಮೆ ಕಣ್ಣು ಹಾಕಿದ್ದನ್ನೂ ಅಂಗಳದ ಕೋಳಿಗಳು ಚದುರಿ ಓಡುವಂತೆ ಅರಚಿ ಹೇಳಿದ.

"ಅದು ನಂಗೆ ಆವಾಗ್ಲೇ ಗೊತ್ತಿತ್ತು," ಎಂದು ನೂತಾ ಗೋಡೆಗೆ ಹೇಳಿದಳು.

ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಇಬ್ಬರು ಸೋದರರು ಬಂದು ಬಿಂದೋನನ್ನು ಬಲಗಡೆಯ ಬಾಗಿಲಿನೊಳಕ್ಕೆ ಎತ್ತಿಕೊಂಡು ಹೋದರು. ಬಿಲಿಯಾ ನೂತಾಳ ತೋಳು ಹಿಡಿದು ಎಡಗಡೆಗೆ ತಿರುಗಿಸಿದಳು.

"ಅಲ್ಲಕ್ಕಾ, ಅವನನ್ನ ಅತ್ತ ಯಾಕೆ?"

"ಅದು ಗಂಡಸರ ಕಡೆ, ಇದು ಹೆಂಗಸರ ಕಡೆ. ನಡುವೆ ದೇವಾಲಯ. ಪೂಜೆ ಹೊತ್ತಿಗೆ ಎರಡೂ ಕಡೆ ಬಾಗಿಲು ತೆಗೀತಾರೆ. ಅವರ ಕೆಮ್ಮು ನಿನಗೆ ಕೇಳುತ್ತೆ."

"ನನ್ನ ಬೈಗುಳ ಅವನಿಗೆ ಕೇಳಬೇಕಲ್ಲಕ್ಕಾ! ಅವನು ಬದುಕಿರೋದೇ ಅದರ ಮೇಲೆ."

ಬಿಲಿಯಾ ಅವಳನ್ನು ಎಡಬಾಗಿಲಿನೊಳಕ್ಕೆ ನಡೆಸಿಕೊಂಡು ಹೋದಳು. ಎರಡು ಕಡೆಗಳ ನಡುವಿನ ಆ ಗೋಡೆ ಬಿಲಿಯಾಳಿಗೆ ಹೊಸದಲ್ಲ. ಅದರ ಆಚೆ ಬದಿಯಲ್ಲಿ ಅವಳ ಗಂಡನೂ ಇದ್ದ.

ಆ ಮನೆಯನ್ನು ಹಿಂದೆ ಯಾವುದೋ ಕಾಲದಲ್ಲಿ ಒಬ್ಬ ಸಿರಿವಂತ ವಿಧವೆ ಕಟ್ಟಿಸಿದ್ದಳಂತೆ, ರೋಮಿನ ದಾರಿ ಹಿಡಿದ ಯಾತ್ರಿಕರಿಗೆ ಒಂದು ರಾತ್ರಿ ಸೂರು ಸಿಗಲಿ ಎಂದು. ಯಾತ್ರಿಕರ ಬೆನ್ನಿಗೆ ಕಾಯಿಲೆಯವರು ಬಂದರು, ಅವರ ಬೆನ್ನಿಗೆ ಬಾಗಿಲ ಬುಟ್ಟಿಯಲ್ಲಿ ಬಿಟ್ಟುಹೋದ ಕೂಸುಗಳು ಬಂದವು, ಬರಗಾಲ ಬಂದಾಗ ಸುತ್ತಲ ಹಳ್ಳಿಗಳೇ ಬಂದವು. ಸಾಯುವ ಸಿರಿವಂತರು ತಮ್ಮ ಆತ್ಮಕ್ಕೆ ಒಳಿತಾಗಲೆಂದು ಆಲಿವ್ ತೋಪು, ದ್ರಾಕ್ಷಿ ತೋಟ ಬಿಟ್ಟರು. ಧರ್ಮಾಧ್ಯಕ್ಷರು ಒಂದು ನೇಮ ಬರೆಸಿಕೊಟ್ಟರು. 'ಬಡ ರೋಗಿಯೇ ಈ ಮನೆಯ ಯಜಮಾನ, ನೀವು ಅವನ ಆಳುಗಳು' ಎಂದು ಅದು ಶುರುವಾಗುತ್ತಿತ್ತು. ಮಹಾಮಾರಿಯ ವರ್ಷದಲ್ಲಿ ಆಳುಗಳೆಲ್ಲ ಯಜಮಾನರ ಜೊತೆಯಲ್ಲೇ ಗುಂಡಿ ಸೇರಿದರು. ಹಾಸಿಗೆಗಳಿದ್ದವು, ಹಾಸುವವರಿರಲಿಲ್ಲ. ಆಗ ಊರಿನಲ್ಲಿ ಉಳಿದವರು, ಯಾರನ್ನೋ ಕಳಕೊಂಡವರು, ತಮ್ಮನ್ನೂ ತಮ್ಮ ಹೊಲಮನೆಯನ್ನೂ ಆಸ್ಪತ್ರೆಗೆ ಒಪ್ಪಿಸಿ ಒಳಗೆ ಬಂದರು.

ಬಿಲಿಯಾ ಮತ್ತು ಲಾಪೊ ಹಾಗೆ ಬಂದವರು. ಅವರ ಮೂವರು ಮಕ್ಕಳನ್ನು ಆ ಬೇಸಿಗೆ ತೆಗೆದುಕೊಂಡಿತ್ತು. ಎರಡು ಹೆಣ್ಣು, ಕೊನೆಗೆ ಗಂಡು. ಮರುವರ್ಷ ಇಬ್ಬರೂ ದೇವಾಲಯದ ಪೀಠದ ಮೇಲೆ ಕೈಯಿಟ್ಟು, ಇನ್ನು ಮುಂದೆ ಗಂಡಹೆಂಡಿರಾಗಿ ಬಾಳುವುದಿಲ್ಲ, ಬಡವರ ಸೇವೆಯೇ ಬಾಳು ಎಂದು ಮಾತು ಕೊಟ್ಟರು. ಅವನು ಬಲಗಡೆಗೆ ಹೋದ, ಅವಳು ಎಡಗಡೆಗೆ. ಅದಾಗಿ ಹದಿನಾಲ್ಕು ವರ್ಷ. ಅವನು ಎತ್ತಿನ ಗಾಡಿ ಹೊಡೆಯುತ್ತಿದ್ದ, ಗಂಡಸರ ಹಾಸಿಗೆ ನೋಡಿಕೊಳ್ಳುತ್ತಿದ್ದ. ಬಾವಿಯ ಹತ್ತಿರ ಎದುರಾದರೆ "ಹುರುಳಿ ಮೂಟೆ ಬಂತು", "ದುಪ್ಪಟಿ ಒಣಗಿಲ್ಲ" ಎಂಬಷ್ಟೇ ಮಾತು. ಒಳ್ಳೆಯ ಸೋದರ, ಒಳ್ಳೆಯ ಸೋದರಿ ಎಂದು ಗುರುಗಳು ಬೇರೆಯವರಿಗೆ ಅವರನ್ನೇ ತೋರಿಸುತ್ತಿದ್ದರು.

ನೂತಾ ಬಂದ ಮೂರನೆಯ ದಿನ ಬೆಳಿಗ್ಗೆ ಬಿಲಿಯಾ ನೀರು ಸೇದುತ್ತಿರುವಾಗ ಲಾಪೊ ಬಂದು ನಿಂತ. ಕೈಯಲ್ಲಿ ಕೊಡವಿರಲಿಲ್ಲ.

"ಆ ಕಿವುಡ ಮುದುಕ ಊಟ ಬಿಟ್ಟಿದಾನೆ," ಎಂದ.

"ಜ್ವರಾನಾ?"

"ಜ್ವರ ಇಳಿದಿದೆ. ಹೆಂಡ್ತಿ ಸತ್ತೋಗಿದಾಳೆ ಅಂದ್ಕೊಂಡಿದಾನೆ. ನಾವೆಲ್ಲ ಮುಚ್ಚಿಡ್ತಿದೀವಂತೆ. ಕೈಸನ್ನೆ ಮಾಡಿ ಹೇಳ್ದೆ, ಆಚೆ ಇದಾಳೆ, ಚೆನ್ನಾಗಿದಾಳೆ ಅಂತ. ನಾನು ಆ ಕಡೆ ಕೈ ತೋರಿಸಿದ್ರೆ ಅವನು ಮೇಲೆ ನೋಡ್ತಾನೆ. ಸ್ವರ್ಗ ತೋರಿಸ್ತಿದೀನಿ ಅಂತ ತಿಳ್ಕೊಂಡು ಅಳ್ತಾನೆ."

ಅಷ್ಟು ಉದ್ದದ ಮಾತನ್ನು ಲಾಪೊ ಅವಳೊಡನೆ ಆಡಿ ಎಷ್ಟೋ ಕಾಲವಾಗಿತ್ತು. ಬಿಲಿಯಾ ಹಗ್ಗ ಹಿಡಿದುಕೊಂಡೇ ಯೋಚಿಸಿದಳು. ಆಮೇಲೆ ಒಳಗೆ ಹೋಗಿ ನೂತಾಳ ತಲೆವಸ್ತ್ರ ತಂದು ಅವನ ಕೈಗಿಟ್ಟಳು. "ಇದನ್ನ ಕೊಡು. ಅವಳ ಮೈ ಬಿಸಿ ಇನ್ನೂ ಇದೆ ಇದರಲ್ಲಿ. ಗೊತ್ತಾಗುತ್ತೆ ಅವನಿಗೆ."

ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಒಂದು ಕೂಗು ಎದ್ದಿತು. ಹೆಂಗಸರ ಕಡೆ ಮಲಗಿದ್ದವರೆಲ್ಲ ಎದ್ದು ಕೂತರು. ಗಾಯಕ್ಕೆ ಎಣ್ಣೆ ಬಟ್ಟೆ ಕಟ್ಟಿಸಿಕೊಳ್ಳುತ್ತಿದ್ದ ನೂತಾಳ ಮುಖ ಬಿಳಿಚಿಕೊಂಡಿತು.

"ಅವನದೇ ದನಿ! ಏನ್ ಮಾಡಿದ್ರಿ ಅವನಿಗೆ?"

ಬಿಲಿಯಾಳಿಗೆ ಆಗ ಹೊಳೆಯಿತು, ಬೋಗುಣಿ ಕೈಯಿಂದ ಜಾರಿತು. ಆ ಮನೆಯಲ್ಲಿ ಯಾರಾದರೂ ಸತ್ತರೆ ಮೈಮೇಲಿನ ಬಟ್ಟೆಯನ್ನು ಬಿಚ್ಚಿ, ಮಡಿಸಿ, ಸಂಬಂಧಿಕರ ಕೈಗೆ ಕೊಡುತ್ತಿದ್ದರು. ಆ ಸುತ್ತಿನ ಹಳ್ಳಿಗಳಲ್ಲೆಲ್ಲ ಅದು ಗೊತ್ತಿದ್ದ ಸಂಗತಿ. ತಲೆವಸ್ತ್ರವನ್ನು ಅವಳು ಅಂದವಾಗಿ ಮಡಿಸಿಯೇ ಕಳಿಸಿದ್ದಳು.

"ಏಳಮ್ಮ," ಎಂದಳು ಬಿಲಿಯಾ. "ನನ್ನ ಹೆಗಲ ಮೇಲೆ ಕೈ ಹಾಕು. ನಡಿ."

ಅದು ಶುಕ್ರವಾರ. ದೇವಾಲಯದಲ್ಲಿ ಗುರುಗಳು ಸೋದರ ಸೋದರಿಯರನ್ನು ಕೂರಿಸಿಕೊಂಡು ವಾರಕ್ಕೊಮ್ಮೆಯ ನೇಮದ ಓದು ಶುರುಮಾಡಿದ್ದರು. ಎಡಬಾಗಿಲು ತೆರೆಯಿತು. ಬರಿತಲೆಯ ಮುದುಕಿಯೊಬ್ಬಳು, ಅರ್ಧ ಕಟ್ಟಿದ ಕಾಲು ಎಳೆದುಕೊಂಡು, ಹಿರಿಯ ಸೋದರಿಯ ಹೆಗಲಿಗೆ ಜೋತು, ಪೀಠದ ಮುಂದಿನಿಂದಲೇ ಹಾದು ಬಲಬಾಗಿಲ ಕಡೆ ನಡೆದಳು. ನಡೆಯುತ್ತಲೇ ಶಿಲುಬೆಯ ಗುರುತು ಹಾಕಿಕೊಳ್ಳಲು ಮಾತ್ರ ಇಬ್ಬರೂ ಮರೆಯಲಿಲ್ಲ. ಗುರುಗಳ ಓದು ನಿಂತಿತು.

"ಬಿಲಿಯಾ!" ಎಂದರು.

"ಬಂದೆ ಸ್ವಾಮಿ," ಎಂದಳು ಅವಳು, ಮತ್ತು ಮುಂದೆ ಹೋದಳು.

ಗಂಡಸರ ಕಡೆ ಬಿಂದೋ ತಲೆವಸ್ತ್ರವನ್ನು ಮುಖಕ್ಕೆ ಒತ್ತಿ ಹಿಡಿದು ಹಾಸಿಗೆಯಲ್ಲಿ ಹಿಂದೆಮುಂದೆ ಓಲಾಡುತ್ತಿದ್ದ. ಅದೇ ಹಾಸಿಗೆಯಲ್ಲಿ ಪಾಲುದಾರನಾದ ಸಿಡುಬಿನ ಮುಖದ ಕುರಿಗಾಹಿ ಪೆಚ್ಚಾಗಿ ಗೋಡೆಗೆ ಅಂಟಿದ್ದ. ನೂತಾ ಗಂಡನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೂಳೆಗೆ ಬಾಯಿಟ್ಟು ಬೈದಳು.

"ಸತ್ತಿಲ್ಲ ಕಣೋ ಹಾಳಾದೋನೆ! ನಿನ್ನ ಮಣ್ಣು ಮಾಡ್ದೆ ನಾನು ಎಲ್ಲಿಗೆ ಹೋಗ್ಲಿ? ಸಾರು ಬಿಟ್ಟೆಯಂತೆ, ಕೋಳಿ ಸಾರು! ನಮ್ಮ ಮನೇಲಿ ಹಬ್ಬಕ್ಕೂ ಕಂಡಿದ್ಯಾ?"

ಬಿಂದೋ ಕಣ್ಣುಬಿಟ್ಟು ಅವಳ ಮುಖವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. "ಕೋಳಿ ಸಾರಲ್ವೇ ಅದು," ಎಂದು ಕೂಗಿದ, "ಬರೀ ಈರುಳ್ಳಿ ನೀರು!" ಸಾಲುಸಾಲು ಹಾಸಿಗೆಗಳಲ್ಲಿದ್ದ ಗಂಡಸರೆಲ್ಲ ನಕ್ಕರು. ನಗಲಾರದವರು ಕೆಮ್ಮಿದರು. ಮುದುಕ ಎರಡು ಬಟ್ಟಲು ಈರುಳ್ಳಿ ನೀರನ್ನೇ ಕುಡಿದು ಬ್ರೆಡ್ಡು ಕೇಳಿದ. ಆದರೆ ನೂತಾ ಹಾಸಿಗೆಯ ಅಂಚಿನಲ್ಲಿ ಕೂತವಳು ಏಳಲಿಲ್ಲ. "ಇನ್ನೊಂದ್ಸಲ ನಾನು ಸಾಯೋಳಲ್ಲ," ಎಂದಳು. "ಇಲ್ಲೇ ಇರ್ತೀನಿ. ಎತ್ತಿ ಹಾಕೋದಾದ್ರೆ ಹಾಕಿ."

ಮಧ್ಯಾಹ್ನ ಗುರುಗಳು ಎಲ್ಲರನ್ನೂ ಸೇರಿಸಿದರು. ಅವರಿಗೆ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು. ಧರ್ಮಾಧ್ಯಕ್ಷರ ಕಡೆಯವರು ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಿದ್ದರು. ಬೆಟ್ಟದಾಚೆಯ ಒಂದು ಆಸ್ಪತ್ರೆಯಲ್ಲಿ ಗಂಡಸರು ಹೆಂಗಸರು ಬೆರೆತು ಏನೇನೋ ನಡೆಯುತ್ತದೆಂದು ಸುದ್ದಿ ಹಬ್ಬಿ, ಹೋದ ವರ್ಷ ಅದನ್ನು ಮುಚ್ಚಿಸಿ ರೋಗಿಗಳನ್ನು ದಾರಿಗೆ ಬಿಟ್ಟಿದ್ದರು.

"ಇವತ್ತು ಈ ಮುದುಕಿ," ಎಂದ ಮೇವೊ, "ನಾಳೆ ಎಳೇ ಹೆಂಡ್ತಿ ಕರ್ಕೊಂಡು ಯಾವನೋ ಬರ್ತಾನೆ. ಇದೇನು ಆಸ್ಪತ್ರೆಯೋ ಮದುವೆ ಮನೆಯೋ?"

"ಆ ಮುದುಕನಿಗೆ ನಡೆಯೋಕೆ ಶಕ್ತಿಯಿಲ್ಲ ಮೇವೊ, ನಿನಗ್ಯಾಕೆ ಅಷ್ಟು ಗಾಬರಿ?" ಎಂದಳು ಬಿಲಿಯಾ.

"ನಗಬೇಡಿ," ಎಂದರು ಗುರುಗಳು. "ಅವರನ್ನ ಕಂಡ್ರೆ ನನಗೂ ಮರುಕ ಇದೆ. ಆದ್ರೆ ನೇಮ ನಾನು ಬರೆದದ್ದಲ್ಲ. ನೀವೆಲ್ಲ ಮನೆಮಠ ಬಿಟ್ಟು, ಗಂಡ ಹೆಂಡತಿ ಅನ್ನೋದು ಬಿಟ್ಟು ಈ ನೇಮಕ್ಕೆ ತಲೆ ಕೊಟ್ಟಿದೀರಿ. ನೀವು ತಾಳಿಕೊಂಡಿದ್ದನ್ನ ಅವರು ಒಂದು ತಿಂಗಳು ತಾಳಬಾರದೇ?"

ಸಭೆಯಲ್ಲಿ ಎಂದೂ ಬಾಯಿ ತೆರೆಯದ ಲಾಪೊ ಎದ್ದು ನಿಂತ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

"ನಾವು ಮಾತು ಕೊಟ್ಟು ಬಂದ್ವಿ ಸ್ವಾಮಿ. ಪೀಠದ ಮೇಲೆ ಕೈಯಿಟ್ಟು. ಅವರು ಯಾವ ಮಾತೂ ಕೊಟ್ಟಿಲ್ಲ. ಬರೀ ಕಾಯಿಲೆ ಬಿದ್ದು ಬಂದಿದಾರೆ."

ಗುರುಗಳು ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡಿದರು. "ಕೂತ್ಕೋ ಲಾಪೊ," ಎಂದರು. "ಗಂಡಸರ ನಡುವೆ ಅವಳನ್ನ ಇಟ್ಟುಕೊಳ್ಳೋಕೆ ಆಗಲ್ಲ. ಆ ಕುರಿಗಾಹಿ ಗತಿ ಏನು? ಬೇರೆ ಜಾಗ ಎಲ್ಲಿದೆ?"

"ದೇವಾಲಯದ ಹಿಂದಿನ ಸೌದೆ ಕೋಣೆ ಇದೆ. ಖಾಲಿ ಮಾಡಿಕೊಡ್ತೀನಿ."

"ಮಾಡು. ಅವನು ಗುಣವಾಗೋವರೆಗೆ, ಇಲ್ಲ..." ಗುರುಗಳು ಹಿರಿಯ ಸೋದರಿಯ ಕಡೆ ತಿರುಗಿದರು. "ಮತ್ತೆ ಬಿಲಿಯಾ, ನೇಮದ ಓದಿನ ನಡುವೆ ಪೀಠದ ಮುಂದೆ ಮೆರವಣಿಗೆ ಮಾಡಿದ್ದಕ್ಕೆ ಒಂದು ವಾರ ನೆಲದ ಮೇಲೆ ಕೂತು ಬ್ರೆಡ್ಡು ನೀರು."

"ಆಗಲಿ ಸ್ವಾಮಿ," ಎಂದಳು ಬಿಲಿಯಾ.

ಸೌದೆ ಹೊರಗೆ ಸಾಗಿಸುವ ಕೆಲಸಕ್ಕೆ ಅವಳೂ ಹೋದಳು. ಓಕ್ ಮರದ ದಪ್ಪ ಸೀಳುಗಳು, ಅವುಗಳಡಿ ಇಲಿಯ ಗೂಡು, ಮುರಿದ ಚಟ್ಟ, ಯಾರೋ ಯಾತ್ರಿಕ ಬಿಟ್ಟುಹೋದ ಊರುಗೋಲು. ಲಾಪೊ ಒಳಗಿನಿಂದ ಕೊಡುತ್ತಿದ್ದ, ಅವಳು ಬಾಗಿಲಲ್ಲಿ ನಿಂತು ಹೊರಗೆ ಪೇರಿಸುತ್ತಿದ್ದಳು.

"ತಲೆವಸ್ತ್ರ ಕಳಿಸಿದ್ದು ನನ್ನ ಪೆದ್ದತನ," ಎಂದಳು ಬಿಲಿಯಾ.

"ನಾನೂ ಯೋಚನೆ ಮಾಡ್ಲಿಲ್ಲ. ಒಯ್ದು ಕೊಟ್ಟುಬಿಟ್ಟೆ."

ಮತ್ತೆ ಸೌದೆ. ಒಂದು ಸೀಳು ಅವಳ ಕೈಗೆ ದಾಟಿಸುವಾಗ ಅವನು ಬಿಡಲಿಲ್ಲ. ಇಬ್ಬರೂ ಅದರ ಒಂದೊಂದು ತುದಿ ಹಿಡಿದು ನಿಂತರು.

"ಒಂದು ಮಾತು ಕೇಳ್ಲಾ?" ಎಂದ. "ಈಗ್ಲೂ ಕಷ್ಟ ಆಗುತ್ತಾ, ನನ್ನ ಮುಖ ನೋಡೋಕೆ?"

ಈ ಸಂಗತಿಯನ್ನು ಬಿಲಿಯಾ ಪಾಪನಿವೇದನೆಯಲ್ಲಿ ಕೂಡ ಬಾಯಿಬಿಟ್ಟು ಹೇಳಿರಲಿಲ್ಲ. ಮಗ ಅಪ್ಪನ ಪಡಿಯಚ್ಚು. ಅದೇ ಅಗಲ ಹಣೆ, ಅದೇ ಒಂದು ಬದಿಗೆ ಎಳೆದಂತೆ ನಗು. ಅವನು ಹೋದ ಮೇಲೆ ಮನೆಯಲ್ಲಿ ಅದೇ ಮುಖ ಊಟಕ್ಕೆ ಕೂರುತ್ತಿತ್ತು, ಅದೇ ಮುಖ ಮಗ್ಗುಲಲ್ಲಿ ಮಲಗುತ್ತಿತ್ತು. ಆಸ್ಪತ್ರೆಗೆ ಸೇರೋಣ ಎಂದು ಮೊದಲು ಹೇಳಿದವಳು ಅವಳೇ. ದೇವರ ಕರೆ ಎಂದಿದ್ದಳು. ಬಡವರ ಸೇವೆ ಎಂದಿದ್ದಳು. ಅದೂ ಸುಳ್ಳಲ್ಲ. ಆದರೆ ಗೋಡೆಯೊಂದು ಸಿಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

"ನಿನಗೆ ಗೊತ್ತಿತ್ತಾ?" ಎಂದಳು.

"ಗೊತ್ತಿಲ್ದೆ ಏನು? ನನ್ನ ಮುಂದೆ ಬಟ್ಟಲು ಇಡೋವಾಗೆಲ್ಲ ನೀನು ಗೋಡೆ ನೋಡ್ತಿದ್ದೆ. ಬಾವಿ ನೀರಲ್ಲಿ ನಾನೂ ನನ್ನ ಮುಖ ನೋಡ್ಕೊಂಡೆ ಒಂದಿನ. ನಂಗೇ ನೋಡೋಕಾಗ್ಲಿಲ್ಲ."

"ಮತ್ತೆ ಯಾಕೆ ಒಪ್ಕೊಂಡೆ? ಬೇಡ ಅನ್ನಬಹುದಿತ್ತು."

"ಬೇಡ ಅಂದಿದ್ರೆ ನೀನು ಉಳೀತಿದ್ದೆ, ಸರಿ. ಉಳ್ಕೊಂಡು ಏನಾಗ್ತಿದ್ದೆ?" ಲಾಪೊ ಸೀಳನ್ನು ಅವಳ ಕೈಗೆ ಬಿಟ್ಟ. "ಇಲ್ಲಿ ದಿನಾ ಪೂಜೇಲಿ ನಿನ್ನ ದನಿ ಕೇಳ್ತಿತ್ತು. ಅಷ್ಟು ಸಾಕಾಗಿತ್ತು. ಸುಳ್ಳು ಹೇಳಲ್ಲ, ಕೆಲವು ದಿನ ಸಾಕಾಗ್ತಿರ್ಲಿಲ್ಲ."

ಬಿಲಿಯಾ ಸೌದೆಯನ್ನು ಕೆಳಗಿಟ್ಟಳು. ತಲೆಯೆತ್ತಿ ಅವನ ಮುಖವನ್ನು ನೋಡಿದಳು, ಎಷ್ಟೋ ವರ್ಷದ ಮೇಲೆ ನಿಜವಾಗಿ ನೋಡಿದಳು. ಕೆನ್ನೆ ಒಳಗೆ ಹೋಗಿತ್ತು. ಹಣೆಯ ಮೇಲೆ ಕೂದಲಿರಲಿಲ್ಲ. ಮೂಗಿನ ಎರಡೂ ಬದಿ ಉಳುಮೆಯ ಗೆರೆಗಳಂಥ ಸುಕ್ಕು. ಅವಳು ಅದರಲ್ಲಿ ಹುಡುಕಿದಳು, ಹೆದರುತ್ತಲೇ ಹುಡುಕಿದಳು.

"ಅವನಿಲ್ಲ," ಎಂದಳು. "ಲಾಪೊ, ಅವನಿಲ್ಲ ಕಣೋ ಅಲ್ಲಿ."

"ಹೂಂ. ಈಗ ನಮ್ಮಪ್ಪ ಬಂದು ಕೂತಿದಾನೆ," ಎಂದ ಲಾಪೊ. "ಅವನನ್ನ ಕಂಡ್ರೆ ನಿಂಗೆ ಮೊದ್ಲಿಂದ್ಲೂ ಆಗಲ್ಲ."

ಅವಳಿಗೆ ನಗು ಬಂತು. ನಗುತ್ತ ನಗುತ್ತಲೇ ಬಾಗಿಲ ಹೊಸ್ತಿಲ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತಳು. ಮಗನ ಮುಖದಿಂದ ತಪ್ಪಿಸಿಕೊಂಡು ಓಡಿದವಳಿಗೆ ಈಗ ಅದು ಎಲ್ಲೂ ಸಿಗದಂತಾಗಿತ್ತು. ಲಾಪೊ ಅವಳನ್ನು ಮುಟ್ಟಲಿಲ್ಲ. ಮಾತು ಕೊಟ್ಟಿದ್ದನಲ್ಲ. ಪಕ್ಕದ ಸೌದೆ ರಾಶಿಯ ಮೇಲೆ ಕೂತು, ಅವಳು ಅತ್ತು ಮುಗಿಸುವವರೆಗೂ ಎದ್ದು ಹೋಗದೆ ಇದ್ದ.

ಬಿಂದೋ, ನೂತಾ ಆ ಕೋಣೆಯಲ್ಲಿ ಕ್ರಿಸ್ತಜಯಂತಿಯವರೆಗೂ ಇದ್ದರು. ಹುಲ್ಲಿನ ಹಾಸಿಗೆ, ಕೆಂಡದ ಮಡಕೆ, ಕಂಬಳಿ. ದೇವಾಲಯದ ಎರಡೂ ಕಡೆಯ ರೋಗಿಗಳಿಗೆ ಅವರ ಜಗಳ ಕೇಳುತ್ತಿತ್ತು. ಕೇಳದ ದಿನ ಎಲ್ಲರೂ "ಯಾಕೆ, ಏನಾಯ್ತು" ಎಂದು ವಿಚಾರಿಸುತ್ತಿದ್ದರು. ನೂತಾಳ ಕಾಲಿನ ಊತ ನಿಧಾನವಾಗಿ ಇಳಿಯಿತು. ಮುದುಕನ ಎದೆಯ ಕಫ ಮಾತ್ರ ಇಳಿಯಲಿಲ್ಲ.

ಸಾಯುವವರಿಗೆ ಎಣ್ಣೆ ಹಚ್ಚಿ ಹರಸುವ ಕೊನೆಯ ಅಭ್ಯಂಗನಕ್ಕೆ ಗುರುಗಳು ಬಂದಾಗ ಬೆಳಗಿನ ಬಿಸಿಲು ಕಿಟಕಿಯಲ್ಲಿತ್ತು. ಬಿಲಿಯಾ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದಳು. ಎಂದಿನಂತೆ ನೂತಾ ಮಾತು ದಾಟಿಸಲು ಬಾಗಿದಳು. ಗುರುಗಳು ಅವಳ ಭುಜ ಮುಟ್ಟಿ ತಡೆದರು.

"ಎಲ್ಲಿ ಬಾಯಿ ಇಡಬೇಕು, ತೋರಿಸಮ್ಮ."

ನೂತಾ ತೋರಿಸಿದಳು. ಯಾರ ಹತ್ತಿರಕ್ಕೂ ಹೋಗದ ಆ ಮನುಷ್ಯ ಹುಲ್ಲಿನ ಹಾಸಿಗೆಯ ಮೇಲೆ ಮೊಣಕೈಯೂರಿ, ಬಿಂದೋವಿನ ಬೆವರಿದ ಕಿವಿಯ ಹಿಂದೆ ತುಟಿಯೊತ್ತಿ, ಪಾಪಕ್ಷಮೆಯ ಮಾತುಗಳನ್ನು ಒಂದೊಂದಾಗಿ ಹೇಳಿದರು. ಮುದುಕ ಕಣ್ಣರಳಿಸಿ ಕೇಳಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಇವರ ಗಡ್ಡ ಚುಚ್ಚುತ್ತೆ ಕಣೇ," ಎಂದ. ಅದನ್ನು ಮಾತ್ರ ಅವನು ನಿಜವಾಗಿಯೂ ಪಿಸುಗುಟ್ಟಿದ. ಕೂಗುವ ಉಸಿರು ಉಳಿದಿರಲಿಲ್ಲ. ಮಧ್ಯಾಹ್ನದ ಗಂಟೆಗೆ ಮುಂಚೆ ತೀರಿಕೊಂಡ.

ನೂತಾ ಹಾಡಿಕೊಂಡು ಅಳಲಿಲ್ಲ. ಅವನ ಅಂಗಿಯನ್ನು ತಾನೇ ಮಡಿಸಿದಳು. ಚಳಿ ಕಳೆಯುವವರೆಗೂ ಆಸ್ಪತ್ರೆಯಲ್ಲಿದ್ದು, ಕೂಸುಗಳ ತೊಟ್ಟಿಲು ತೂಗಿ, ಬಾದಾಮಿ ಹೂಬಿಟ್ಟಾಗ ತಂಗಿಯ ಮಗಳ ಊರಿಗೆ ಹೊರಟಳು. "ಆ ತಂಗೀನೇ?" ಎಂದು ಮೇವೊ ಕೇಳಿದ್ದಕ್ಕೆ, "ಅವಳದೇನು ತಪ್ಪು, ಚೆಲುವೆಯಾಗಿದ್ಲು" ಎಂದು ನಕ್ಕು ಹೋದಳು.

ಸೌದೆಯನ್ನು ಮತ್ತೆ ಆ ಕೋಣೆಗೆ ತುಂಬಲಿಲ್ಲ. ತುಂಬಿ ಎಂದು ಗುರುಗಳೂ ಹೇಳಲಿಲ್ಲ. ವಸಂತದಲ್ಲಿ ಕುರುಡಿ ಹೆಂಡತಿಯನ್ನು ಕೈಹಿಡಿದು ಒಬ್ಬ ಚಮ್ಮಾರ ಬಂದ. ಇಬ್ಬರನ್ನೂ ಅಲ್ಲೇ ಮಲಗಿಸಿದರು. ಧರ್ಮಾಧ್ಯಕ್ಷರ ಕಡೆಯವನು ತಪಾಸಣೆಗೆ ಬಂದು, ಇದೇನು ಕೋಣೆ ಎಂದು ಕೇಳಿದಾಗ ಗುರು ರನಿಯೇರಿ ಮುಖ ಕಿವುಚಿಕೊಂಡು, "ಸೌದೆ ಕೋಣೆ" ಎಂದರು. ಅವರ ತರುವಾಯ ಬಂದ ಮುಖ್ಯಸ್ಥರೂ ಅದನ್ನು ಹಾಗೆಯೇ ಕರೆದರು. ಬಾಗಿಲಿಗೆ ಬಂದ ಮುದಿ ಗಂಡಹೆಂಡಿರನ್ನು ಕಂಡರೆ ಮೇವೊ ಬೇರೇನೂ ಕೇಳದೆ, "ಇವರು ಸೌದೆಯವರು" ಎಂದು ಒಳಗೆ ಕೂಗುವುದು ರೂಢಿಯಾಯಿತು.

ಬಿಲಿಯಾ, ಲಾಪೊ ಕೊಟ್ಟ ಮಾತು ಮುರಿಯಲಿಲ್ಲ. ಅವನು ಬಲಗಡೆ ಮಲಗಿದ, ಅವಳು ಎಡಗಡೆ. ಆದರೆ ಭಾನುವಾರ ಮಧ್ಯಾಹ್ನ ಅಂಗಳದ ಬೆಂಚಿನ ಮೇಲೆ, ಎಲ್ಲರ ಕಣ್ಣೆದುರಿಗೇ, ನಡುವೆ ಅವರೆಕಾಳಿನ ಬುಟ್ಟಿಯಿಟ್ಟುಕೊಂಡು ಇಬ್ಬರೂ ಕೂರತೊಡಗಿದರು. ಮಕ್ಕಳ ಹೆಸರುಗಳು ಆ ಮನೆಯಲ್ಲಿ ಮೊದಲ ಸಲ ಗಟ್ಟಿಯಾಗಿ ಕೇಳಿಬಂದವು. ದೊಡ್ಡವಳು ಲೀಸಾ ಬೇವಿನಂಥ ಕಹಿ ಸೊಪ್ಪನ್ನೂ ಚಪ್ಪರಿಸಿ ತಿನ್ನುತ್ತಿದ್ದುದು. ಹುಡುಗ ವಾನ್ನಿ ಕತ್ತೆಗೆ ಪ್ರಾರ್ಥನೆ ಕಲಿಸಲು ಹೋಗಿ ಒದೆಸಿಕೊಂಡದ್ದು.

"ನಡುವಿನೋಳ ಕೂದಲು ಕೆಂಪಿತ್ತು," ಎಂದ ಲಾಪೊ ಒಂದು ದಿನ.

"ಕೆಂಪಾ? ಕಪ್ಪು. ನಮ್ಮಮ್ಮನ ಹಾಗೆ ಕಡುಗಪ್ಪು."

"ಬಿಸಿಲಲ್ಲಿ ಕೆಂಪಾಗಿ ಕಾಣ್ತಿತ್ತು, ಬಿಲಿಯಾ."

"ಬಿಸಿಲಲ್ಲಿ ನಿನ್ನ ಎತ್ತೂ ಕೆಂಪಾಗೇ ಕಾಣುತ್ತೆ."

ಆ ಜಗಳ ಆ ಭಾನುವಾರ ಮುಗಿಯಲಿಲ್ಲ, ಮುಂದಿನ ಭಾನುವಾರವೂ ಮುಗಿಯಲಿಲ್ಲ. ಮುಗಿಸುವ ಅವಸರ ಇಬ್ಬರಿಗೂ ಇದ್ದಂತೆ ಕಾಣಲಿಲ್ಲ.